ಅಂಗನವಾಡಿ ಕಾರ್ಯಕರ್ತೆಯರ ಆನ್‌ಲೈನ್ ತರಬೇತಿ

ಅಂಗನವಾಡಿ ಕಾರ್ಯಕರ್ತೆಯರ ಆನ್‌ಲೈನ್ ತರಬೇತಿ ಎಂಬುದು ಆರು ವರ್ಷದೊಳಗಿನ ಮಕ್ಕಳ ಪಾಲನೆ, ಪೋಷಣೆ ಹಾಗೂ ಶಾಲಾಪೂರ್ವ ಶಿಕ್ಷಣದಲ್ಲಿ ತೊಡಗಿರುವ ಕಾರ್ಯಕರ್ತೆಯರಿಗೆ, ಅವರಿಗೆ ಕಲಿಸುವ ಮೇಲ್ವಿಚಾರಕಿಯರಿಗೆ ಮತ್ತು ತರಬೇತುದಾರರಿಗೆ ಮೊಬೈಲ್ ಫೋನ್ ಹಾಗೂ ಅಂತರಜಾಲದ ಮೂಲಕ ನೀಡಲಾಗುವ ವೃತ್ತಿ ಶಿಕ್ಷಣವಾಗಿದೆ. ಭಾರತದಲ್ಲಿ ಸುಮಾರು 14 ಲಕ್ಷ ಅಂಗನವಾಡಿ ಕೇಂದ್ರಗಳಿದ್ದು, ಕರ್ನಾಟಕದಲ್ಲಿ ಅವುಗಳ ಸಂಖ್ಯೆ 65,000ಕ್ಕೂ ಹೆಚ್ಚು. ಇಷ್ಟು ದೊಡ್ಡ ಸಮೂಹವನ್ನು ಪದೇ ಪದೇ ತರಬೇತಿ ಕೇಂದ್ರಗಳಿಗೆ ಕರೆಸಿಕೊಳ್ಳುವುದು ಕಷ್ಟಸಾಧ್ಯವಾದುದರಿಂದ, 2018ರ ನಂತರ ಈ ವಿಧಾನಕ್ಕೆ ಹೆಚ್ಚಿನ ಮಹತ್ವ ಬಂದಿತು. ಆದರೂ ಪರದೆಯ ಮೇಲಿನ ಪಾಠವು ಮಕ್ಕಳ ನಡುವೆ ಪಡೆಯುವ ಅನುಭವಕ್ಕೆ ಪೂರಕವೇ ಹೊರತು ಅದಕ್ಕೆ ಬದಲಿಯಲ್ಲ ಎಂಬ ತತ್ತ್ವವನ್ನು ಈ ಕ್ಷೇತ್ರದ ಪ್ರಮುಖ ಕಾರ್ಯಕ್ರಮಗಳೆಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಒಪ್ಪಿಕೊಂಡಿವೆ.

ಹಿನ್ನೆಲೆ

ಭಾರತದಲ್ಲಿ ಶಿಶುಶಿಕ್ಷಣಕ್ಕೆ ಶಿಕ್ಷಕರನ್ನು ಸಿದ್ಧಗೊಳಿಸುವ ಪ್ರಯತ್ನ ಸ್ವಾತಂತ್ರ್ಯಪೂರ್ವದಲ್ಲಿಯೇ ಆರಂಭವಾಯಿತು. ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಅವರು ಮುಂದೆ ಮಹಾರಾಷ್ಟ್ರದ ಬೋರ್ಡಿ ಹಾಗೂ ಕೋಸಬಾಡಗಳಲ್ಲಿ ಅನುತಾಯಿ ವಾಘ್ ಅವರೊಂದಿಗೆ ಬಡವರ ಹಾಗೂ ಆದಿವಾಸಿಗಳ ಮಕ್ಕಳಿಗಾಗಿ ಬಾಲವಾಡಿಗಳನ್ನು ನಡೆಸಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಮನೆಯ ಅಂಗಳಕ್ಕೆ ಹೋಗಬೇಕೆಂಬುದು ಅವರ ನಿಲುವಾಗಿತ್ತು. 'ಅಂಗನವಾಡಿ' ಎಂಬ ಪದದಲ್ಲಿ ಆ ಅಂಗಳವೇ ಇದೆ. ಇಟಲಿಯ ಶಿಕ್ಷಣ ತಜ್ಞೆ ಮಾರಿಯಾ ಮಾಂಟೆಸೊರಿ ಅವರು 1939ರಲ್ಲಿ ಮದರಾಸಿಗೆ ಬಂದು ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ನೀಡಿದರು. ಕರ್ನಾಟಕದಲ್ಲಿ ಆರ್. ಕಲ್ಯಾಣಮ್ಮ ಅವರು 1938ರಲ್ಲಿ ಬೆಂಗಳೂರಿನಲ್ಲಿ ಅಖಿಲ ಕರ್ನಾಟಕ ಮಕ್ಕಳ ಕೂಟವನ್ನು ಸ್ಥಾಪಿಸಿದರು.

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಯೋಜನಾ ಪ್ರದೇಶಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಇದರ ಮೊದಲ ನೆಲೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿ 100 ಅಂಗನವಾಡಿಗಳನ್ನು ತೆರೆಯಲಾಯಿತು. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಹೆಚ್ಚಿನ ಚಿಕಿತ್ಸೆಗೆ ಕಳುಹಿಸುವುದು, ತಾಯಂದಿರಿಗೆ ಪೋಷಣೆ ಹಾಗೂ ಆರೋಗ್ಯ ಶಿಕ್ಷಣ, ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ - ಈ ಆರು ಸೇವೆಗಳು ಒಬ್ಬಳೇ ಕಾರ್ಯಕರ್ತೆಯ ಮೂಲಕ ಊರನ್ನು ತಲುಪುತ್ತವೆ. ಆದುದರಿಂದ ಅವಳ ತರಬೇತಿಯು ಶಿಕ್ಷಕಿಯ ತರಬೇತಿಯೂ ಹೌದು, ಆರೋಗ್ಯ ಕಾರ್ಯಕರ್ತೆಯ ತರಬೇತಿಯೂ ಹೌದು.

ಮುಖಾಮುಖಿ ತರಬೇತಿಯ ಕಾಲ

ಯೋಜನೆಯ ಆರಂಭದಿಂದಲೂ ಮೂರು ಹಂತಗಳ ತರಬೇತಿ ವ್ಯವಸ್ಥೆ ರೂಪುಗೊಂಡಿತ್ತು. ಕಾರ್ಯಕರ್ತೆಯರಿಗೆ ಹಾಗೂ ಸಹಾಯಕಿಯರಿಗೆ ಅಂಗನವಾಡಿ ತರಬೇತಿ ಕೇಂದ್ರಗಳು, ಮೇಲ್ವಿಚಾರಕಿಯರಿಗೆ ಮಧ್ಯಮ ಹಂತದ ತರಬೇತಿ ಕೇಂದ್ರಗಳು, ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಹಾಗೂ ತರಬೇತುದಾರರಿಗೆ ರಾಷ್ಟ್ರೀಯ ಸಾರ್ವಜನಿಕ ಸಹಕಾರ ಮತ್ತು ಶಿಶು ಅಭಿವೃದ್ಧಿ ಸಂಸ್ಥೆ ಇದ್ದವು. ಈ ಸಂಸ್ಥೆಯ ಪ್ರಾದೇಶಿಕ ಕೇಂದ್ರವೊಂದು ಬೆಂಗಳೂರಿನಲ್ಲಿದೆ. 1999ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ 'ಉದಿಶಾ' ಕಾರ್ಯಕ್ರಮವು ಈ ವ್ಯವಸ್ಥೆಯನ್ನು ಬಲಪಡಿಸಿತು.

ಹೊಸದಾಗಿ ನೇಮಕಗೊಂಡ ಕಾರ್ಯಕರ್ತೆಗೆ ಹಲವು ವಾರಗಳ ವೃತ್ತಿ ತರಬೇತಿ ಹಾಗೂ ಅನಂತರ ಕೆಲವು ದಿನಗಳ ಪುನಶ್ಚೇತನ ತರಬೇತಿ ದೊರೆಯುತ್ತಿತ್ತು. ಈ ವಿಧಾನದ ಗುಣವೆಂದರೆ ಹಾಡು, ಕಥೆ, ಆಟಿಕೆ ತಯಾರಿಕೆ, ಮಕ್ಕಳ ತೂಕ ನೋಡಿ ಬೆಳವಣಿಗೆ ನಕ್ಷೆಯಲ್ಲಿ ಗುರುತಿಸುವುದು ಮುಂತಾದವನ್ನು ಕೈಯಾರೆ ಮಾಡಿ ಕಲಿಯಲು ಅವಕಾಶವಿದ್ದುದು. ಊರಿನಿಂದ ದೂರ ಹೋಗಿ ತಂಗಬೇಕಾಗಿದ್ದುದು, ಆ ಅವಧಿಯಲ್ಲಿ ಕೇಂದ್ರದ ಹೊಣೆ ಸಹಾಯಕಿಯ ಮೇಲೆ ಬೀಳುತ್ತಿದ್ದುದು, ಎರಡು ತರಬೇತಿಗಳ ನಡುವಿನ ದೀರ್ಘ ಅಂತರ ಇವು ಅದರ ಮಿತಿಗಳಾಗಿದ್ದವು.

ಆನ್‌ಲೈನ್ ಕಲಿಕೆಯ ಆರಂಭ

2018ರ ಮಾರ್ಚ್ 8ರಂದು ರಾಜಸ್ಥಾನದ ಝುಂಝುನುವಿನಲ್ಲಿ ಪೋಷಣ್ ಅಭಿಯಾನಕ್ಕೆ ಚಾಲನೆ ದೊರೆಯಿತು. ಈ ಅಭಿಯಾನದ ಭಾಗವಾಗಿ 'ಹಂತ ಹಂತದ ಕಲಿಕೆ' ಎಂಬ ವಿಧಾನ ವ್ಯಾಪಕವಾಗಿ ಬಳಕೆಗೆ ಬಂದಿತು. ಇದರಲ್ಲಿ ವಿಷಯವನ್ನು 21 ಸಣ್ಣ ಘಟಕಗಳಾಗಿ ವಿಂಗಡಿಸಿ, ಒಂದೊಂದನ್ನು ವೃತ್ತ ಮಟ್ಟದ ಮಾಸಿಕ ಸಭೆಯಲ್ಲಿ ಕಲಿತು, ಕಲಿತದ್ದನ್ನು ಮುಂದಿನ ಸಭೆಯೊಳಗೆ ಊರಿನಲ್ಲಿ ಆಚರಣೆಗೆ ತರುವುದು ಕ್ರಮ. ಇದೇ ಪಠ್ಯವನ್ನು ಫೋನಿನಲ್ಲಿ ನೋಡಿ ಕಲಿಯಲು 'ಇ-ಐಎಲ್‌ಎ' ಎಂಬ ಆನ್‌ಲೈನ್ ವೇದಿಕೆಯನ್ನು ರೂಪಿಸಲಾಯಿತು.

ಶಾಲಾ ಶಿಕ್ಷಣದ ಕಡೆಯಿಂದ 2017ರ ಸೆಪ್ಟೆಂಬರ್ 5ರಂದು 'ದೀಕ್ಷಾ' ವೇದಿಕೆ ಆರಂಭವಾಯಿತು. ಶಿಕ್ಷಕರ ವೃತ್ತಿ ಬೆಳವಣಿಗೆಗಾಗಿ 2019ರಲ್ಲಿ ಆರಂಭವಾದ 'ನಿಷ್ಠಾ' ಕಾರ್ಯಕ್ರಮವು ಕೋವಿಡ್ ಕಾಲದಲ್ಲಿ ದೀಕ್ಷಾ ಮೂಲಕ ಆನ್‌ಲೈನ್ ರೂಪ ಪಡೆಯಿತು. 2021ರಲ್ಲಿ ಬುನಾದಿ ಸಾಕ್ಷರತೆ ಹಾಗೂ ಸಂಖ್ಯಾಜ್ಞಾನವನ್ನು ಕುರಿತ ಪಾಠಗಳು, ಮರುವರ್ಷ ಶೈಶವದ ಪಾಲನೆ ಮತ್ತು ಶಿಕ್ಷಣವನ್ನು ಕುರಿತ ಪಾಠಗಳು ಇದರಲ್ಲಿ ಸೇರಿದವು. ಇಂತಹ ಪಾಠಗಳಲ್ಲಿ ಸಾಮಾನ್ಯವಾಗಿ ವಿಡಿಯೊ, ಓದುವ ಪಠ್ಯ, ಚಟುವಟಿಕೆ ಹಾಗೂ ಕೊನೆಯಲ್ಲಿ ಬಹು ಆಯ್ಕೆಯ ಪ್ರಶ್ನೆಗಳಿರುತ್ತವೆ. ನಿಗದಿತ ಅಂಕ ಪಡೆದವರಿಗೆ ಡಿಜಿಟಲ್ ಪ್ರಮಾಣಪತ್ರ ದೊರೆಯುತ್ತದೆ.

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಅಂಗನವಾಡಿಗಳು ಮುಚ್ಚಿದಾಗ, ಕಾರ್ಯಕರ್ತೆಯರು ಮನೆಮನೆಗೆ ಆಹಾರ ಧಾನ್ಯ ತಲುಪಿಸುತ್ತ, ಸಮೀಕ್ಷೆಗಳಲ್ಲಿ ಪಾಲ್ಗೊಳ್ಳುತ್ತ, ಅದರ ನಡುವೆಯೇ ಫೋನಿನಲ್ಲಿ ಸಭೆ ಹಾಗೂ ಪಾಠಗಳಿಗೆ ಹಾಜರಾಗುವ ಪರಿಸ್ಥಿತಿ ಉಂಟಾಯಿತು. 2021ರ ಮಾರ್ಚ್ 1ರಂದು 'ಪೋಷಣ್ ಟ್ರ್ಯಾಕರ್' ಆ್ಯಪ್ ಜಾರಿಗೆ ಬಂದ ಮೇಲೆ ಫೋನು ದಾಖಲಾತಿಯ ಪ್ರಮುಖ ಸಾಧನವೂ ಆಯಿತು.

ರಾಷ್ಟ್ರೀಯ ಶಿಕ್ಷಣ ನೀತಿ 2020

ಮಗುವಿನ ಮೆದುಳಿನ ಬೆಳವಣಿಗೆಯ ಶೇ 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೆ ಆಗುತ್ತದೆಂದು ರಾಷ್ಟ್ರೀಯ ಶಿಕ್ಷಣ ನೀತಿ 2020 ಹೇಳುತ್ತದೆ. ಈ ನೀತಿಯ ಪ್ರಕಾರ, ಹನ್ನೆರಡನೆಯ ತರಗತಿ ಅಥವಾ ಹೆಚ್ಚಿನ ವಿದ್ಯಾರ್ಹತೆಯುಳ್ಳ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್ ಶಿಕ್ಷಣ, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ನೀಡಬೇಕು. ಇವನ್ನು ಡಿಟಿಎಚ್ ವಾಹಿನಿಗಳು ಹಾಗೂ ಸ್ಮಾರ್ಟ್‌ಫೋನುಗಳನ್ನು ಬಳಸಿ ಡಿಜಿಟಲ್ ಮತ್ತು ದೂರಶಿಕ್ಷಣ ವಿಧಾನದಲ್ಲಿ ನಡೆಸಬಹುದು. ಇದರಿಂದ ಅವರ ನಿತ್ಯದ ಕೆಲಸಕ್ಕೆ ಅಡ್ಡಿಯಾಗದು ಎಂಬುದು ನೀತಿಯ ಆಶಯ.

ಆನ್‌ಲೈನ್ ವಿಧಾನವನ್ನು ಸೂಚಿಸುವ ಈ ನೀತಿಯೇ, ಶಾಲಾ ಶಿಕ್ಷಣ ಇಲಾಖೆಯ ಸಮೂಹ ಸಂಪನ್ಮೂಲ ಕೇಂದ್ರಗಳು ತರಬೇತಿಗೆ ಮಾರ್ಗದರ್ಶನ ನೀಡಬೇಕೆಂದೂ, ನಿರಂತರ ಮೌಲ್ಯಮಾಪನಕ್ಕಾಗಿ ತಿಂಗಳಿಗೆ ಕನಿಷ್ಠ ಒಂದು ಮುಖಾಮುಖಿ ತರಗತಿ ನಡೆಸಬೇಕೆಂದೂ ಹೇಳುತ್ತದೆ.

ಪೋಷಣ್ ಭೀ ಪಢಾಯೀ ಭೀ

'ಪೋಷಣೆಯೂ ಓದೂ' ಎಂಬ ಅರ್ಥದ ಈ ಕೇಂದ್ರ ಕಾರ್ಯಕ್ರಮಕ್ಕೆ 2023ರ ಮೇ 10ರಂದು ಚಾಲನೆ ದೊರೆಯಿತು. ಇದರಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಹಾಗೂ ಮೇಲ್ವಿಚಾರಕಿಯರು ಮೊದಲು ಎರಡು ದಿನ ತರಬೇತಿ ಪಡೆದು ರಾಜ್ಯ ಮಟ್ಟದ ಮುಖ್ಯ ತರಬೇತುದಾರರಾಗುತ್ತಾರೆ. ಅನಂತರ ಅವರು ಕಾರ್ಯಕರ್ತೆಯರಿಗೆ ಮೂರು ದಿನ ತರಬೇತಿ ನೀಡುತ್ತಾರೆ. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗೆ 'ನವಚೇತನಾ', ಮೂರರಿಂದ ಆರು ವರ್ಷದವರಿಗೆ 'ಆಧಾರಶಿಲಾ' ಎಂಬ ಪಠ್ಯಚೌಕಟ್ಟುಗಳು 2024ರಲ್ಲಿ ಪ್ರಕಟವಾದವು. ಮೇಲಿನವರು ಕಲಿತು ಕೆಳಗಿನವರಿಗೆ ಕಲಿಸುವ ಈ ಕ್ರಮದಲ್ಲಿ ಪ್ರತಿ ಹಂತದಲ್ಲೂ ವಿಷಯ ತುಸು ಸೋರಿಹೋಗುವ ಸಂಭವವಿದೆ. ಎಲ್ಲರಿಗೂ ಒಂದೇ ವಿಡಿಯೊ ದೊರೆಯುವ ಆನ್‌ಲೈನ್ ಪಾಠವು ಈ ಕೊರತೆಯನ್ನು ತುಂಬಬಲ್ಲದು.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಅಂಗನವಾಡಿಗಳನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ನಡೆಸುತ್ತದೆ. ಶಾಲಾಪೂರ್ವ ಶಿಕ್ಷಣಕ್ಕೆ ವಿಷಯಾಧಾರಿತ ಚಟುವಟಿಕೆಗಳನ್ನೊಳಗೊಂಡ 'ಚಿಲಿಪಿಲಿ' ಪಠ್ಯ ಬಳಕೆಯಲ್ಲಿದೆ. ಕಾರ್ಯಕರ್ತೆಯ ಹುದ್ದೆಗೆ ಹಿಂದೆ ಎಸ್‌ಎಸ್‌ಎಲ್‌ಸಿ ಸಾಕಾಗಿತ್ತು. ಈಗ ಪಿಯುಸಿ ಕನಿಷ್ಠ ವಿದ್ಯಾರ್ಹತೆಯಾಗಿದೆ. ಹೀಗಾಗಿ ಎರಡು ತಲೆಮಾರಿನವರು ಒಂದೇ ಸಭೆಯಲ್ಲಿ ಕುಳಿತು ಕಲಿಯುತ್ತಾರೆ. ಹಿರಿಯರಿಗೆ ಮಕ್ಕಳ ಅನುಭವ ಹೆಚ್ಚು, ಕಿರಿಯರಿಗೆ ಫೋನಿನ ಬಳಕೆ ಸಲೀಸು.

2024ರ ಜುಲೈ 22ರಂದು ಬೆಂಗಳೂರಿನ 250 ಅಂಗನವಾಡಿಗಳನ್ನು 'ಸರ್ಕಾರಿ ಮಾಂಟೆಸೊರಿ'ಗಳಾಗಿ ಮೇಲ್ದರ್ಜೆಗೇರಿಸುವ ಕಾರ್ಯಕ್ರಮ ಉದ್ಘಾಟನೆಯಾಯಿತು. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆದರೆ ಅಂಗನವಾಡಿಗಳು ಬರಿದಾಗುತ್ತವೆಂಬ ಆತಂಕದಿಂದ ಕಾರ್ಯಕರ್ತೆಯರು ಪ್ರತಿಭಟನೆ ನಡೆಸಿದ್ದು ಇದರ ಹಿನ್ನೆಲೆಯಲ್ಲಿದೆ. ಮೂರು ವರ್ಷದ ಮಗುವಿಗೆ ಕಲಿಸಲು ಯಾರು ಅರ್ಹರು ಎಂಬ ಪ್ರಶ್ನೆಯೇ ಈ ವಿವಾದದ ತಿರುಳಾಗಿದ್ದು, ತರಬೇತಿಯ ವಿಷಯವೂ ಅದರೊಂದಿಗೆ ಹೆಣೆದುಕೊಂಡಿದೆ.

ಗ್ರಾಮೀಣ ನೆಲೆ: ಕುಂಸಿಯ ಉದಾಹರಣೆ

ಶಿವಮೊಗ್ಗ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕುಂಸಿಯು ಶಿವಮೊಗ್ಗ-ಸಾಗರ ಹೆದ್ದಾರಿಯಲ್ಲಿದ್ದು, ಬೀರೂರು-ತಾಳಗುಪ್ಪ ರೈಲುಮಾರ್ಗದಲ್ಲಿ ನಿಲ್ದಾಣವನ್ನೂ ಹೊಂದಿದೆ. ಇಂತಹ ಹೋಬಳಿಯ ಹಳ್ಳಿಯೊಂದರ ಕಾರ್ಯಕರ್ತೆ ಜಿಲ್ಲಾ ಕೇಂದ್ರದ ತರಬೇತಿಗೆ ಹೋಗಬೇಕಾದರೆ ಮೊದಲು ಹೆದ್ದಾರಿಯವರೆಗೆ ಬಂದು, ಬಸ್ಸು ಹಿಡಿದು, ಸಂಜೆಯೊಳಗೆ ಮರಳಬೇಕಾಗುತ್ತದೆ. ಮನೆಯ ಹೊಣೆಯೂ ಕೇಂದ್ರದ ಹೊಣೆಯೂ ಇರುವವರಿಗೆ ಊರಿನಲ್ಲಿಯೇ ಪಾಠ ನೋಡುವ ಅವಕಾಶ ದೊಡ್ಡ ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಜಿಲ್ಲೆಯೆಲ್ಲ ಒಂದೇ ತೆರನಾಗಿಲ್ಲ. ಶಿವಮೊಗ್ಗ, ಭದ್ರಾವತಿ ನಗರಗಳಲ್ಲಿ ಮೊಬೈಲ್ ಸಂಪರ್ಕ ಸುಲಭ. ಅಲ್ಲಿನ ಅಂಗನವಾಡಿಗಳ ಮುಂದಿರುವ ಸವಾಲು ಖಾಸಗಿ ನರ್ಸರಿಗಳ ಪೈಪೋಟಿ. ಇದಕ್ಕೆ ಪ್ರತಿಯಾಗಿ ಶರಾವತಿ ಹಿನ್ನೀರಿನ ಊರುಗಳಲ್ಲಿ ಹಾಗೂ ಮಲೆನಾಡಿನ ಕಾಡಂಚಿನ ಹಳ್ಳಿಗಳಲ್ಲಿ ಮೊಬೈಲ್ ಗೋಪುರಕ್ಕಾಗಿ ಜನರು ಹೋರಾಟಗಳನ್ನೇ ನಡೆಸಿದ್ದಾರೆ. ಇಂತಹ ಕಡೆ ವಿಡಿಯೊವನ್ನು ಮೊದಲೇ ಇಳಿಸಿಕೊಂಡು ಸಂಪರ್ಕವಿಲ್ಲದೆಯೂ ನೋಡುವಂತಿದ್ದರೆ ಮಾತ್ರ ಪಾಠ ತಲುಪೀತು.

ಭಾಷೆಯೂ ಗಮನಾರ್ಹ ಅಂಶ. ಶಿವಮೊಗ್ಗ ತಾಲ್ಲೂಕಿನಲ್ಲಿ ಲಂಬಾಣಿ ತಾಂಡಾಗಳೂ ಉರ್ದು ಮನೆಮಾತಿನ ಕುಟುಂಬಗಳೂ ಇವೆ. ಮನೆಯಲ್ಲಿ ಒಂದು ಭಾಷೆ, ಅಂಗನವಾಡಿಯಲ್ಲಿ ಇನ್ನೊಂದು ಭಾಷೆ ಕೇಳುವ ಮಗುವಿನೊಡನೆ ಹೇಗೆ ಮಾತನಾಡಬೇಕೆಂಬುದಕ್ಕೆ ದೇಶಕ್ಕೆಲ್ಲ ಒಂದೇ ಆಗಿರುವ ಪಾಠದಲ್ಲಿ ಪೂರ್ಣ ಉತ್ತರ ದೊರೆಯುವುದು ಕಷ್ಟ. ಅದನ್ನು ಅಲ್ಲಿನ ಕಾರ್ಯಕರ್ತೆಯರೇ ಮಾಸಿಕ ಸಭೆಯಲ್ಲಿ ಪರಸ್ಪರ ಹಂಚಿಕೊಂಡು ಕಂಡುಕೊಳ್ಳಬೇಕಾಗುತ್ತದೆ.

ಅನುಕೂಲಗಳು ಮತ್ತು ಮಿತಿಗಳು

ಮಕ್ಕಳ ಬೆಳವಣಿಗೆಯ ಹಂತಗಳು, ಅಪೌಷ್ಟಿಕತೆಯ ಲಕ್ಷಣಗಳು, ಅಂಗವೈಕಲ್ಯವನ್ನು ಬೇಗ ಗುರುತಿಸುವ ಬಗೆ, ಸ್ವಚ್ಛತೆ ಮುಂತಾದ ಮಾಹಿತಿಪ್ರಧಾನ ವಿಷಯಗಳಿಗೆ ಆನ್‌ಲೈನ್ ವಿಧಾನ ಚೆನ್ನಾಗಿ ಒದಗುತ್ತದೆ. ತಿಳಿಯದ ಭಾಗವನ್ನು ಮತ್ತೆ ನೋಡಬಹುದು. ಪಠ್ಯ ಬದಲಾದಾಗ ಹೊಸ ಪಾಠ ಎಲ್ಲರಿಗೂ ಏಕಕಾಲದಲ್ಲಿ ದೊರೆಯುತ್ತದೆ. ಪ್ರಯಾಣದ ವೆಚ್ಚ ಉಳಿಯುತ್ತದೆ.

ಮಿತಿಗಳು ಬೇರೆ ಬಗೆಯವು. ಮೂರು ವರ್ಷದ ಮಗು ಅಳುತ್ತಿರುವಾಗ, ನಾಲ್ಕು ವರ್ಷದ್ದು ಕಥೆ ಕೇಳುತ್ತಿರುವಾಗ, ಐದು ವರ್ಷದ್ದು ಬರೆಯಲು ಹಠ ಹಿಡಿದಿರುವಾಗ ಒಂದೇ ಕೋಣೆಯಲ್ಲಿ ಮೂವರನ್ನೂ ಸಂಭಾಳಿಸುವ ಕೌಶಲ ನೋಡಿ ಮಾತ್ರ ಬರುವಂಥದಲ್ಲ. ಹುಣಸೆ ಬೀಜಗಳನ್ನು ಎಣಿಸುವ ಆಟವನ್ನು ವಿಡಿಯೊದಲ್ಲಿ ಕಂಡವರು ಅದನ್ನು ಇಪ್ಪತ್ತು ಮಕ್ಕಳೊಡನೆ ಆಡಿಸಿದಾಗಲೇ ಅದರ ತೊಡಕು ತಿಳಿಯುತ್ತದೆ. ಬಹು ಆಯ್ಕೆಯ ಪ್ರಶ್ನೆಗೆ ಸರಿಯುತ್ತರ ಗುರುತಿಸುವುದು ಜ್ಞಾನವನ್ನು ಅಳೆಯಬಹುದು, ಆಚರಣೆಯನ್ನಲ್ಲ. ಆದುದರಿಂದ ಮೇಲ್ವಿಚಾರಕಿಯು ಕೇಂದ್ರಕ್ಕೆ ಭೇಟಿ ನೀಡಿ, ಪಾಠವನ್ನು ಕಣ್ಣಾರೆ ಕಂಡು, ಸಲಹೆ ನೀಡುವ ಕ್ರಮ ಅನಿವಾರ್ಯ. ಭೇಟಿಯು ಕೇವಲ ದಾಖಲೆಗಳ ಪರಿಶೀಲನೆಯಾದರೆ ತರಬೇತಿಯ ಸರಪಳಿ ಅಲ್ಲಿಗೆ ತುಂಡಾಗುತ್ತದೆ.

ಸಮಯವೂ ಮುಖ್ಯ ಪ್ರಶ್ನೆಯೇ. ಆಹಾರ ವಿತರಣೆ, ಮನೆ ಭೇಟಿ, ಆ್ಯಪ್‌ನಲ್ಲಿ ದಾಖಲಾತಿ, ಸಮೀಕ್ಷೆ ಮುಂತಾದ ಕೆಲಸಗಳ ನಡುವೆ ಪಾಠ ನೋಡಲು ಉಳಿಯುವುದು ರಾತ್ರಿಯ ಹೊತ್ತು. ಪಾಠದ ಅವಧಿಯನ್ನು ಕೆಲಸದ ಅವಧಿಯೆಂದೇ ಪರಿಗಣಿಸದಿದ್ದರೆ ಅದು ವಿಡಿಯೊವನ್ನು ಓಡಲು ಬಿಟ್ಟು ಪ್ರಮಾಣಪತ್ರ ಪಡೆಯುವ ಔಪಚಾರಿಕತೆಯಾಗುವ ಅಪಾಯವಿದೆ.

ವೃತ್ತಿ ಸ್ಥಾನಮಾನ

ಅಂಗನವಾಡಿ ಕಾರ್ಯಕರ್ತೆಯರು ವೇತನದ ಬದಲು ಗೌರವಧನ ಪಡೆಯುವವರು. 2018ರ ಅಕ್ಟೋಬರ್‌ನಲ್ಲಿ ಕೇಂದ್ರವು ಅದನ್ನು ತಿಂಗಳಿಗೆ 3,000 ರೂಪಾಯಿಯಿಂದ 4,500 ರೂಪಾಯಿಗೆ ಏರಿಸಿತು. ಇದರ ಮೇಲೆ ರಾಜ್ಯಗಳು ತಮ್ಮ ಪಾಲನ್ನು ಸೇರಿಸುತ್ತವೆ. 2022ರ ಏಪ್ರಿಲ್ 25ರಂದು ಸರ್ವೋಚ್ಚ ನ್ಯಾಯಾಲಯವು ಗುಜರಾತಿನ ಪ್ರಕರಣವೊಂದರಲ್ಲಿ, ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ 1972ರ ಉಪದಾನ ಪಾವತಿ ಕಾಯ್ದೆ ಅನ್ವಯಿಸುತ್ತದೆಂದು ತೀರ್ಪು ನೀಡಿತು. ಅಂಗನವಾಡಿಗಳಲ್ಲಿ ನಡೆಯುವ ಶಾಲಾಪೂರ್ವ ಶಿಕ್ಷಣದ ಸ್ವರೂಪವನ್ನೂ ನ್ಯಾಯಾಲಯ ಪರಿಗಣಿಸಿತು. ಕರ್ನಾಟಕದಲ್ಲಿಯೂ ಗ್ರ್ಯಾಚುಟಿ ಹಾಗೂ ಶಿಕ್ಷಕಿಯೆಂಬ ಮಾನ್ಯತೆ ಕಾರ್ಯಕರ್ತೆಯರ ಸಂಘಟನೆಗಳ ಬೇಡಿಕೆಗಳಲ್ಲಿ ಸೇರಿವೆ. ಕಲಿಕೆಯ ಹೊಣೆ ಹೆಚ್ಚಿದಂತೆ ಸ್ಥಾನಮಾನವೂ ಹೆಚ್ಚಬೇಕೆಂಬುದು ಈ ಬೇಡಿಕೆಯ ಸಾರ.

ಪ್ರಮಾಣಪತ್ರಗಳ ನಡುವಿನ ವ್ಯತ್ಯಾಸ

ಈ ಕ್ಷೇತ್ರಕ್ಕೆ ಬರಬಯಸುವ ವಿದ್ಯಾರ್ಥಿಗಳು ಪ್ರಮಾಣಪತ್ರಗಳ ಭೇದವನ್ನು ಅರಿತಿರುವುದು ಅಗತ್ಯ. ದೀಕ್ಷಾ ಮುಂತಾದ ವೇದಿಕೆಗಳ ಪ್ರಮಾಣಪತ್ರವು ಸೇವೆಯಲ್ಲಿರುವವರು ಒಂದು ಪಾಠವನ್ನು ಪೂರೈಸಿದ್ದಕ್ಕೆ ಗುರುತು; ಅದು ಉದ್ಯೋಗಾರ್ಹತೆಯ ಪದವಿಯಲ್ಲ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಶೈಶವದ ಪಾಲನೆ ಮತ್ತು ಶಿಕ್ಷಣದಲ್ಲಿ ದೂರಶಿಕ್ಷಣದ ಡಿಪ್ಲೊಮಾವನ್ನು ರೂಪಿಸಿದೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳಲ್ಲಿ ಶಾಲಾಪೂರ್ವ ಶಿಕ್ಷಣದ ಡಿಪ್ಲೊಮಾ ಎರಡು ವರ್ಷದ ಶಿಕ್ಷಣವಾಗಿದ್ದು, ಅದರಲ್ಲಿ ಮಕ್ಕಳೊಡನೆ ಕೆಲಸ ಮಾಡುವ ಪ್ರಾಯೋಗಿಕ ಅವಧಿ ಕಡ್ಡಾಯ. ಖಾಸಗಿ ಸಂಸ್ಥೆಗಳು ಆನ್‌ಲೈನಿನಲ್ಲಿ ನೀಡುವ ನರ್ಸರಿ ತರಬೇತಿಗೆ ಶುಲ್ಕ ಕಟ್ಟುವ ಮುನ್ನ, ಅದಕ್ಕೆ ಯಾವ ಸಂಸ್ಥೆಯ ಮಾನ್ಯತೆಯಿದೆ ಹಾಗೂ ಮಕ್ಕಳೊಡನೆ ಎಷ್ಟು ದಿನಗಳ ಅಭ್ಯಾಸವಿದೆ ಎಂಬುದನ್ನು ವಿಚಾರಿಸಿಕೊಳ್ಳಬೇಕು.