ಕಾರ್ಲಾ ಬೆಟ್ಟದಲ್ಲಿ ಬನವಾಸಿಯ ಶೆಟ್ಟಿ

ಪುಣೆ ಬಳಿಯ ಭೋಸರಿಯ ಕಾರ್ಖಾನೆಗಳಲ್ಲಿ ದುಡಿಯುವ ಕನ್ನಡಿಗರು ರಜೆಯ ದಿನ ಗೆಳೆಯನೊಬ್ಬನನ್ನು ಜೊತೆಮಾಡಿಕೊಂಡು ಹತ್ತಲೇಬೇಕಾದ ಬೆಟ್ಟವೊಂದಿದೆ. ಪಕ್ಕದ ಕಾಸರವಾಡಿಯಲ್ಲಿ ಲೋಣಾವಳ ಲೋಕಲ್ ಹಿಡಿದು ಮಳವಲಿಯಲ್ಲಿ ಇಳಿದರೆ ಕೆಲವೇ ಕಿಲೋಮೀಟರ್ ದೂರದಲ್ಲಿ ಕಾರ್ಲಾ.

ಮೆಟ್ಟಿಲು ಮುಗಿದಲ್ಲಿ ಏಕವೀರಾ ದೇವಿಯ ಗುಡಿ. ಅದರ ಬೆನ್ನಿಗೆ ಸುಮಾರು 2000 ವರ್ಷ ಹಿಂದೆ ಬಂಡೆ ಕೊರೆದು ಮಾಡಿದ ಬೌದ್ಧ ಚೈತ್ಯ. ಉದ್ದ 37 ಮೀಟರಿಗೂ ಹೆಚ್ಚು; ಕಮಾನು ಚಾವಣಿಗೆ ಅಂದು ಕೂರಿಸಿದ ಮರದ ತೊಲೆಗಳು ಇಂದಿಗೂ ಉಳಿದಿವೆ!

ಮೊಗಸಾಲೆಯ ಬ್ರಾಹ್ಮಿ ಬರಹವನ್ನು ತಪ್ಪದೆ ನೋಡಬೇಕು. ಜಂಬೂದ್ವೀಪದಲ್ಲೇ ಶ್ರೇಷ್ಠವಾದ ಈ ಶಿಲಾಗೃಹವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶೆಟ್ಟಿ ಭೂತಪಾಲ ಎನ್ನುತ್ತದೆ ಅದು. ವೈಜಯಂತಿಯೆಂದರೆ ನಮ್ಮ ಬನವಾಸಿ ಎಂಬುದು ವಿದ್ವಾಂಸರ ಮಾತು. ಒಳಗಿನ ಕೆಲವು ಕಂಬಗಳು ಧೇನುಕಾಕಟವೆಂಬ ಊರಿನ ಯವನರ, ಅಂದರೆ ಗ್ರೀಕರೆನ್ನಲಾದವರ, ದಾನ.

ಇಂಥವರ ದಾನ ಇಲ್ಲಿಗೆ ಬಂದದ್ದು ಅಚ್ಚರಿಯಲ್ಲ: ಆಗ ಕರಾವಳಿಯ ಬಂದರುಗಳಿಂದ ಘಟ್ಟ ಹತ್ತಿದ ಸರಕು ಈ ಬೆಟ್ಟದ ಬುಡದಲ್ಲೇ ಹಾದುಹೋಗುತ್ತಿತ್ತು.