ಬತ್ತಿಯ ಬಳಗದ ಕನ್ವರ್ಟಿಬಲ್

ಕರ್ನಾಟಕದಲ್ಲಿ ‘ಕನ್ವರ್ಷನ್’ ಎಂದರೆ ಮೊದಲು ನೆನಪಾಗುವುದು ಜಮೀನು. ‘ಡಿ.ಸಿ. ಕನ್ವರ್ಷನ್ ಆಗಿದೆಯಾ?’ ಎಂದು ಕೇಳದೆ ತಿಳಿದವರು ಸೈಟಿಗೆ ಅಡ್ವಾನ್ಸ್ ಕೊಡುವುದಿಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ನಿನ ಪ್ರಕಾರ ಬೇಸಾಯದ ನೆಲ ಬೇರೆ ಬಳಕೆಗೆ ಹೋಗುವುದಕ್ಕೆ ಕಚೇರಿಯ ಕನ್ನಡದಲ್ಲಿ ಭೂ ಪರಿವರ್ತನೆ ಎಂಬ ಹೆಸರಿದೆ. ಲೇಔಟ್ ಆಗಿ ಮನೆಗಳೆದ್ದ ರಾಗಿ ಹೊಲ ಮತ್ತೆ ರಾಗಿ ಹೊಲವಾದದ್ದನ್ನು ಕಂಡವರಿಲ್ಲ. ಅದೇ ಪದದ ಒಡಹುಟ್ಟು ‘ಕನ್ವರ್ಟಿಬಲ್’ ಹಿಡಿದ ದಾರಿ ಬೇರೆ. ಮೇಲ್ಛಾವಣಿ ಮಡಚಿದರೆ ತೆರೆದ ಕಾರು, ಮಳೆ ಬಂತೆಂದು ಎಳೆದುಕೊಂಡರೆ ಮುಚ್ಚಿದ ಕಾರು. ಹೋದದ್ದು ಮರಳಿ ಬರಬೇಕು; ಆ ಹೆಸರಿನ ಕರಾರೇ ಅದು.

ಪದದ ಬೇರು ಲ್ಯಾಟಿನ್ನಿನ ‘ವೆರ್ತೆರೆ’, ಅಂದರೆ ತಿರುಗಿಸು. ಸಂಸ್ಕೃತದ ‘ವೃತ್’ ಧಾತು ಇದರ ದಾಯಾದಿ. ಹಾಗಾಗಿ ಕನ್ವರ್ಷನ್ನಿಗೆ ನಾವು ‘ಪರಿವರ್ತನೆ’ ಎಂದಾಗ ಅರ್ಥದ ಜೊತೆಗೆ ರಕ್ತಸಂಬಂಧವೂ ಕೂಡಿಬರುತ್ತದೆ. ವೃತ್ತ, ವರ್ತುಲ, ನೀರಿನ ಸುಳಿಯಾದ ಆವರ್ತ, ನೌಕರಿಯಿಂದ ಹಿಂದಿರುಗುವ ನಿವೃತ್ತಿ ಎಲ್ಲವೂ ಈ ಮನೆಯವೇ. ನನಗೆ ಎಲ್ಲಕ್ಕಿಂತ ಪ್ರಿಯವಾದ ನೆಂಟತನ ಬತ್ತಿಯದು. ಸಂಸ್ಕೃತದ ‘ವರ್ತಿ’ಯ ತದ್ಭವ ಬತ್ತಿ, ಹತ್ತಿಯನ್ನು ಅಂಗೈಯಲ್ಲಿಟ್ಟು ಹೊಸೆದು ತಿರುವಿದ್ದು. ದೇವರ ಮುಂದಿನ ದೀಪದಲ್ಲಿ ಉರಿಯುವುದಕ್ಕೂ ಅಮೆರಿಕದ ಹೆದ್ದಾರಿಯಲ್ಲಿ ಓಡುವುದಕ್ಕೂ ಮೂಲಪುರುಷ ಒಬ್ಬನೇ ಎನ್ನುವುದು ನನಗೆ ಇಂದಿಗೂ ರೋಮಾಂಚನದ ಸಂಗತಿ.

ರೋಮಿನವರು ‘ಕೊನ್ವೆರ್ಸಿಯೊ’ ಪದವನ್ನು ಆಕಾಶಕಾಯಗಳ ಪರಿಭ್ರಮಣೆಗೆ ಬಳಸುತ್ತಿದ್ದರು. ಸುತ್ತಿ ಹೊರಟಲ್ಲಿಗೇ ಬರುವ ತಿರುಗಾಟ ಅದು. ಕ್ರೈಸ್ತಧರ್ಮದ ಬರವಣಿಗೆಯಲ್ಲಿ ಅದೇ ಪದಕ್ಕೆ ದೇವರತ್ತ ಮುಖ ತಿರುಗಿಸುವ ಅರ್ಥ ಗಟ್ಟಿಯಾಯಿತು, ಮರಳುವಿಕೆ ಹಿಂದೆ ಉಳಿಯಿತು. ಆದರೆ ತರ್ಕಶಾಸ್ತ್ರದಲ್ಲಿ ‘ಕನ್ವರ್ಟಿಬಲ್’ ಎಂದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬಹುದಾದದ್ದು, ಎರಡೂ ಕಡೆಯಿಂದ. ಆಮೇಲೆ ಅದು ಹಣಕಾಸಿಗೆ ನಡೆಯಿತು: ನೋಟು ಕೊಟ್ಟರೆ ಚಿನ್ನ ಸಿಗಬೇಕು. ಬ್ಯಾಂಕ್ ಆಫ್ ಇಂಗ್ಲೆಂಡ್ 1797ರಲ್ಲಿ ಈ ಮಾತಿಗೆ ತಡೆ ಹಾಕಿ 1821ರಲ್ಲಿ ಮತ್ತೆ ಉಳಿಸಿಕೊಂಡಿತು. ಅಮೆರಿಕ 1971ರ ಆಗಸ್ಟ್‌ನಲ್ಲಿ ಡಾಲರಿನ ಆ ಮಾತನ್ನು ಹಿಂತೆಗೆದುಕೊಂಡಿತು.

ಕಾರಿನ ಲೋಕದಲ್ಲಿ ಪದಕ್ಕೆ ಒಂದು ವಿಚಿತ್ರ ತಿರುವು ಸಿಕ್ಕಿತು. 1949ರ ಮಾದರಿಗಳಲ್ಲಿ ಜನರಲ್ ಮೋಟರ್ಸ್ ಕಂಪನಿ ಬ್ಯೂಯಿಕ್ ರಿವಿಯೆರಾ, ಕ್ಯಾಡಿಲಾಕ್ ಕೂಪ್ ಡಿವಿಲ್ ಮುಂತಾದ ಕಾರುಗಳನ್ನು ತಂದಿತು. ನೋಟಕ್ಕೆ ಕನ್ವರ್ಟಿಬಲ್, ಬಾಗಿಲು-ಕಿಟಕಿಗಳ ನಡುವೆ ಕಂಬವಿಲ್ಲ, ಮೇಲೆ ಮಾತ್ರ ಅಲುಗದ ಉಕ್ಕಿನ ಛಾವಣಿ. ಈ ಬಗೆಯನ್ನು ‘ಹಾರ್ಡ್‌ಟಾಪ್ ಕನ್ವರ್ಟಿಬಲ್’ ಎಂದು ಕರೆದರು. ತಿರುಗುವುದು ಏನೂ ಇಲ್ಲದ ಮೇಲೆ ಎರಡನೆಯ ಪದ ಎಷ್ಟು ದಿನ ನಿಂತೀತು? ಅದು ಉದುರಿತು, ಹಾರ್ಡ್‌ಟಾಪ್ ಉಳಿಯಿತು. ಛಾವಣಿ ಜಜ್ಜಿಹೋದ ಹಳೆಯ ಹಾರ್ಡ್‌ಟಾಪನ್ನು ಇಂದು ಕತ್ತರಿಸಿ ತೆರೆದ ಕಾರು ಮಾಡುವವರು ಹಾಗೆ ಉದುರಿದ ಅರ್ಧ ಹೆಸರನ್ನು ಮರಳಿ ಕೂರಿಸುತ್ತಿದ್ದಾರೆ.

ಈ ಕೆಲಸ ಕಾಣುವಷ್ಟು ಹಗುರವಲ್ಲ. ಕಾರು ಮಗುಚಿಯೋ ಮರ ಬಿದ್ದೋ ಛಾವಣಿ ನಜ್ಜುಗುಜ್ಜಾಗಿದೆ, ಕೆಳಗಿನ ಮೈ ನೆಟ್ಟಗಿದೆ ಎಂದಿಟ್ಟುಕೊಳ್ಳಿ. 1964ರಲ್ಲಿ ಮಾರುಕಟ್ಟೆಗೆ ಬಂದ ಫೋರ್ಡ್ ಮಸ್ಟಾಂಗ್‌ನಂಥ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ. ನೆಲ, ಪಕ್ಕದ ತಗಡು, ಛಾವಣಿ ಕೂಡಿಯೇ ಭಾರ ಹೊರುತ್ತವೆ. ಛಾವಣಿ ತೆಗೆದರೆ ಮೈ ನಡುವಿನಲ್ಲಿ ಜಗ್ಗುತ್ತದೆ, ಬಾಗಿಲ ಸಂದು ಕಿರಿದಾಗಿ ಬಾಗಿಲು ಹಾಕಿಕೊಳ್ಳುವುದಿಲ್ಲ, ಹಳ್ಳದಲ್ಲಿ ಇಳಿದಾಗ ಮುಂಗಾಜಿನ ಚೌಕಟ್ಟು ನಡುಗುತ್ತದೆ. ಆದ್ದರಿಂದ ಬಲ್ಲ ಟಿಂಕರ್ ಗರಗಸ ಮುಟ್ಟುವ ಮುಂಚೆ ಬಾಗಿಲ ತೆರಪಿಗೆ ಅಡ್ಡಲಾಗಿ ಕಬ್ಬಿಣದ ಪೈಪು ಬೆಸೆದು ಅಳತೆ ಕಾಯ್ದಿಡುತ್ತಾನೆ. ಆಮೇಲೆ ಬಾಗಿಲ ಕೆಳಗಿನ ಪಟ್ಟಿಗಳ ಒಳಗೆ ದಪ್ಪ ತಗಡು, ನೆಲಕ್ಕೆ ಅಡ್ಡ ಆಧಾರ. ಮಸ್ಟಾಂಗ್ ಕನ್ವರ್ಟಿಬಲ್‌ಗೆ ಫೋರ್ಡ್ ಕಾರ್ಖಾನೆಯೇ ಇಂಥ ಬಲವರ್ಧನೆ ಮಾಡುತ್ತಿತ್ತು. ಮಡಚುವ ಬಟ್ಟೆಯ ಹುಡ್, ಅದರ ಕಮಾನು, ಅದು ಕೂರುವ ಜಾಗ ಎಲ್ಲ ಕೊನೆಯ ಮಾತು. ಬರೀ ಛಾವಣಿ ಕತ್ತರಿಸಿ ಬಿಟ್ಟದ್ದನ್ನು ಕನ್ವರ್ಟಿಬಲ್ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅದು ತೆರೆದ ಕಾರು, ಅಷ್ಟೇ. ಮುಚ್ಚಬಲ್ಲ ಶಕ್ತಿಯೇ ಆ ಪದದ ಜೀವಾಳ. ಹಾಗೆಯೇ, ಛಾವಣಿ ಗಟ್ಟಿಯಾಗಿರುವ ಹಳೆಯ ಕಾರಿಗೆ ಶೋಕಿಗಾಗಿ ಗರಗಸ ಇಡುವುದು ನನಗೆ ನೋವು ತರುತ್ತದೆ. ಒಡೆದ ಛಾವಣಿಗೆ ಮಾತ್ರ ಈ ಚಿಕಿತ್ಸೆ ಒಪ್ಪುತ್ತದೆ.

ನಮ್ಮ ದೇಶದಲ್ಲಿ ಓಡಿದ ಒಂದು ಕಾರಿನ ಮೈಕಟ್ಟು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಇಟಲಿಯ ಮಿಕೆಲೊಟ್ಟಿ ವಿನ್ಯಾಸ ಮಾಡಿದ ಟ್ರಯಂಫ್ ಹೆರಾಲ್ಡ್ ಇಂಗ್ಲೆಂಡಿನಲ್ಲಿ 1959ರಲ್ಲಿ ಬಂತು. 1961ರಿಂದ ಮದ್ರಾಸಿನಲ್ಲಿ ಅದೇ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಆಯಿತು. ಇಡೀ ಮೈಯನ್ನು ಒಟ್ಟಿಗೆ ಮಾಡಿಕೊಡುವ ಕಾರ್ಖಾನೆ ಇಂಗ್ಲೆಂಡಿನ ಟ್ರಯಂಫ್‌ನವರ ಕೈತಪ್ಪಿದ್ದರಿಂದ ಭಾಗಗಳನ್ನು ಬೇರೆ ಬೇರೆ ಮಾಡಿಸಿ, ಪ್ರತ್ಯೇಕ ಚಾಸಿಯ ಮೇಲೆ ಬೋಲ್ಟಿನಿಂದ ಜೋಡಿಸಿದರು. ಅದರ ಛಾವಣಿಯನ್ನೂ ಬೋಲ್ಟ್ ಬಿಚ್ಚಿ ಎತ್ತಿಬಿಡಬಹುದು, ಬೇಕೆಂದರೆ ಮತ್ತೆ ಕೂರಿಸಬಹುದು. ಬೇಕೆಂದಾಗ ಕಮಾನು ಕಟ್ಟಿ ಬೇಡವೆಂದಾಗ ಬಿಚ್ಚುವ ನಮ್ಮ ಕಮಾನು ಗಾಡಿಯ ಮನೆತನದ ಕಾರು. ಬ್ರಿಟನ್ನಿನಲ್ಲಿ ಎಷ್ಟೋ ಹೆರಾಲ್ಡ್‌ಗಳು ಹೀಗೆ ಕನ್ವರ್ಟಿಬಲ್ ಆಗಿವೆ. ಭಾರತದಲ್ಲಿ ಹಾಗೆ ಮಾಡಿ ರಸ್ತೆಗಿಳಿಸುವುದು ಸಲೀಸಲ್ಲ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ಹೊರತಾದ ಮಾರ್ಪಾಡನ್ನು ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಮಾರ್ಪಟ್ಟ ಕಾರನ್ನು ಏನೆಂದು ಕರೆಯಬೇಕು? ಹಳೆಯ ಕಾರು ಸಂಗ್ರಹಿಸುವವರಿಗೆ ಇದು ಬೆಲೆಯ ಪ್ರಶ್ನೆ, ಮರ್ಯಾದೆಯ ಪ್ರಶ್ನೆ. ಹುಟ್ಟು ಕನ್ವರ್ಟಿಬಲ್ ಬೇರೆ, ಮಾಡಿದ ಕನ್ವರ್ಟಿಬಲ್ ಬೇರೆ ಎಂದು ಅವರು ಖಡಾಖಂಡಿತವಾಗಿ ಹೇಳುತ್ತಾರೆ. ಚೆನ್ನಾಗಿ ಮಾಡಿದವನು ಮಾಡಿದ್ದೆಂದು ಹೇಳಿಕೊಳ್ಳಲು ನಾಚಬೇಕಾಗಿಲ್ಲ. ಮುಚ್ಚಿಟ್ಟು ಮಾರುವುದು ಮೋಸ. ಮಸ್ಟಾಂಗ್‌ನಲ್ಲಿ ಆ ಮೋಸ ಬಹಳ ದೂರ ಹೋಗುವುದಿಲ್ಲ. 1965ರ ಮಸ್ಟಾಂಗ್‌ಗಳಿಗೆ ಫೋರ್ಡ್ ಕೊಟ್ಟ ಗುರುತಿನ ಸಂಖ್ಯೆಯಲ್ಲಿ ಮೂರು ಮತ್ತು ನಾಲ್ಕನೆಯ ಅಂಕೆಗಳು ಮೈಕಟ್ಟನ್ನು ಹೇಳುತ್ತವೆ: 08 ಇದ್ದರೆ ಕನ್ವರ್ಟಿಬಲ್, 07 ಇದ್ದರೆ ಹಾರ್ಡ್‌ಟಾಪ್. ಛಾವಣಿ ಹೋಗಿ ಹೊಸ ಹುಡ್ ಬಂದರೂ ಒಳಗಿನ ತಗಡಿನಲ್ಲಿ 07 ಹಾಗೆಯೇ ಇರುತ್ತದೆ. ಅದನ್ನು ಉಜ್ಜಿ ಅಳಿಸದೆ ಉಳಿಸಿಕೊಂಡವನನ್ನೇ ಒಳ್ಳೆಯ ಕೆಲಸಗಾರ ಎನ್ನುತ್ತೇನೆ.