ಕ್ಲಾರಿನೆಟ್‌ನ ಕೀಗಳ ಹೊಂದಾಣಿಕೆ

ಕ್ಲಾರಿನೆಟ್‌ನ ಕೀಗಳು ಗಾಳಿ ಸೋರದಂತೆ ಮುಚ್ಚುವ, ತಕ್ಕಷ್ಟು ಎತ್ತರಕ್ಕೆ ತೆರೆಯುವ ಹಾಗೆ ಸರಿಪಡಿಸುವ ಕೆಲಸ. ಇಂದು ಹೆಚ್ಚು ಬಳಕೆಯಲ್ಲಿರುವ ಬೋಮ್ ಪದ್ಧತಿಯ ವಾದ್ಯದಲ್ಲಿ ಸಾಮಾನ್ಯವಾಗಿ 17 ಕೀ, 6 ಉಂಗುರಗಳಿರುತ್ತವೆ. ವಾದಕ ಕ್ಲೋಸೆ ಮತ್ತು ತಯಾರಕ ಬ್ಯೂಫೆ ಇದನ್ನು ಪ್ಯಾರಿಸ್‌ನಲ್ಲಿ 1839–1843ರ ಅವಧಿಯಲ್ಲಿ ರೂಪಿಸಿದರು. ನಾದ ಹುಟ್ಟುವುದು ರೀಡ್ ಮತ್ತು ಮೌತ್‌ಪೀಸಿನಲ್ಲಿ; ಕೀಗಳು ಅದನ್ನು ಕೆಡಿಸದಿದ್ದರೆ ಸಾಕು. ಎಲ್ಲ ಸ್ವರಗಳೂ ಒರಟಾಗಿದ್ದರೆ ಮೊದಲು ರೀಡ್ ಬದಲಿಸಿ ನೋಡಬೇಕು. ಒಂದೆರಡು ಸ್ವರ ಮಾತ್ರ ಮಂಕಾದರೆ, ಅಥವಾ ಒಂದು ಸ್ವರದಿಂದ ಕೆಳಗಿನವೆಲ್ಲ ಕೆಟ್ಟರೆ, ದೋಷ ಕೀಗಳಲ್ಲಿರುವ ಸಂಭವ ಹೆಚ್ಚು.

ಮೊದಲ ಪರೀಕ್ಷೆ ಸೋರಿಕೆಯದು. ಸಿಗರೇಟ್ ಸುತ್ತುವ ಕಾಗದದ ಸಣ್ಣ ಪಟ್ಟಿಯನ್ನು, ರಂಧ್ರ ಮುಚ್ಚುವ ಮೆತ್ತೆಯಾದ ಪ್ಯಾಡಿನಡಿ ಇಟ್ಟು, ಕೀಯನ್ನು ಹಗುರವಾಗಿ ಮುಚ್ಚಿ ಎಳೆದರೆ ಸುತ್ತಲೂ ಒಂದೇ ಬಿಗಿ ಸಿಗಬೇಕು. ಜಾರಿದ ಕಡೆ ಸೋರಿಕೆ ಇದೆ. ವಾದ್ಯದ ಮೇಲ್ಭಾಗದ, ‘ಗಂಟಲಿನ’ ಎನ್ನುವ ಎ ಕೀಯ ಪುಟ್ಟ ಸ್ಕ್ರೂ ಇಲ್ಲಿ ಮೋಸ ಮಾಡುವುದುಂಟು. ಅದು ಅತಿಯಾಗಿ ಬಿಗಿಯಾದರೆ ಪಕ್ಕದ ಜಿ ಶಾರ್ಪ್ ಪ್ಯಾಡ್ ಪೂರ್ತಿ ಕೂರದೆ, ಕೆಳಗಿನ ಸ್ವರಗಳೆಲ್ಲ ಹದಗೆಡುತ್ತವೆ. ಬಲಗೈ ಕಿರುಬೆರಳಿನ ಕೀಗಳಲ್ಲಿ ಇ/ಬಿ (ಕೆಳಗಿನ ಸ್ಥಾಯಿಯಲ್ಲಿ ಇ, ಮೇಲಿನದರಲ್ಲಿ ಬಿ ಕೊಡುವ ಕೀ) ಒತ್ತಿದಾಗ ಅದರದೂ ಎಫ್/ಸಿ ಕೀಯದೂ ಎರಡು ಪ್ಯಾಡ್‌ಗಳೂ ಒಟ್ಟಿಗೆ ಕೂರಬೇಕು. ಒಂದು ಮೊದಲು ಮುಚ್ಚಿದರೆ ಇನ್ನೊಂದು ಸೋರಿ, ಕೆಳಗಿನ ಇ ಸ್ವರ ನುಡಿಯುವುದೇ ಇಲ್ಲ.

ಎತ್ತರದ ಪ್ರಶ್ನೆ ಬರುವುದು ಆಮೇಲೆ. ಪ್ಯಾಡ್ ರಂಧ್ರದ ವ್ಯಾಸದ ಕಾಲುಭಾಗದಷ್ಟು ಎದ್ದಾಗ ಸುತ್ತಲಿನ ತೆರವು ರಂಧ್ರದ ವಿಸ್ತೀರ್ಣಕ್ಕೆ ಸಮನಾಗುತ್ತದೆ: 12 ಮಿ.ಮೀ. ರಂಧ್ರಕ್ಕೆ 3 ಮಿ.ಮೀ. ರೂಢಿಯಲ್ಲಿ ಇದಕ್ಕಿಂತ ತುಸು ಹೆಚ್ಚೇ ಇಡುತ್ತಾರೆ. ತೀರಾ ತಗ್ಗಿದರೆ ಸ್ವರ ಉಸಿರುಕಟ್ಟಿದಂತಾಗಿ ಶ್ರುತಿ ಇಳಿಯುತ್ತದೆ. ತೀರಾ ಏರಿದರೆ ಶ್ರುತಿ ತುಸು ಏರುತ್ತದೆ, ಬೆರಳ ಚಲನೆಯೂ ನಿಧಾನವಾಗುತ್ತದೆ. ಉದಾಹರಣೆಗೆ, ಎಫ್/ಸಿ ಪ್ಯಾಡ್ ತಗ್ಗಾದರೆ ಕೆಳಗಿನ ಜಿ ಮತ್ತು ಅದರ ಮೇಲಿನ ಡಿ ಎರಡೂ ಮಂಕಾಗುತ್ತವೆ. ಎತ್ತರ ಬದಲಿಸುವುದು ಕೀಯ ಕೆಳಗಿನ ಕಾರ್ಕಿನಿಂದ. ನಯವಾದ ಉಪ್ಪುಕಾಗದದಿಂದ ಅದನ್ನು ತೆಳುವಾಗಿಸಿದರೆ ಪ್ಯಾಡ್ ಹೆಚ್ಚು ತೆರೆಯುತ್ತದೆ, ದಪ್ಪ ಕಾರ್ಕ್ ಹಾಕಿದರೆ ಕಡಿಮೆ. ಕೀಯನ್ನೇ ಬಗ್ಗಿಸುವ ಕೆಲಸ ರಿಪೇರಿ ಬಲ್ಲವರದು.

ಗಂಟಲಿನ ಬಿ ಫ್ಲಾಟ್ ಸ್ವರಕ್ಕೆ ಪೂರ್ತಿ ಪರಿಹಾರವಿಲ್ಲ. ರಿಜಿಸ್ಟರ್ ಕೀಯ ಕಿರಿದಾದ ರಂಧ್ರವೇ ಮೇಲಿನ ಸ್ಥಾಯಿಯನ್ನು ತೆರೆಯಬೇಕು, ಈ ಸ್ವರವನ್ನೂ ನುಡಿಸಬೇಕು. ಕೀ ಎತ್ತರಿಸಿದರೆ ಸ್ವಲ್ಪ ಸುಧಾರಿಸೀತು. ಬಹುಪಾಲು ವಾದಕರು ಕೆಲವು ರಂಧ್ರಗಳನ್ನು ಹೆಚ್ಚುವರಿಯಾಗಿ ಮುಚ್ಚಿ ಈ ಕೊರತೆಯನ್ನು ತುಂಬಿಕೊಳ್ಳುತ್ತಾರೆ.

ಹೊಸ ಕಾರ್ಕ್ ನುಡಿಸುತ್ತಾ ಹೋದಂತೆ ಅದುಮಿಕೊಳ್ಳುವುದರಿಂದ, ಕೆಲವು ವಾರಗಳ ಬಳಿಕ ಎತ್ತರವನ್ನೂ ಶ್ರುತಿಯನ್ನೂ ಮತ್ತೆ ಪರೀಕ್ಷಿಸಬೇಕಾಗುತ್ತದೆ.